ಏಳನೇ ಹರ್ಡಲ್‌ಗೆ ಒಂದು ಕ್ಯಾಮೆರಾ

ನಮ್ಮಣ್ಣ ಇಪ್ಪತ್ತೊಂಬತ್ತು ವರ್ಷದಿಂದ ಜನರ ಮುಖದ ಫೋಟೊ ತೆಗೆಯುತ್ತಿದ್ದಾನೆ. ಮುಖ ಎಂದರೆ ಬರೀ ಮುಖ. ಎರಡು ಕಿವಿಯೂ ಕಾಣಬೇಕು, ಹಲ್ಲು ಕಾಣಬಾರದು, ಹಿಂದೆ ಬಿಳಿ ಗೋಡೆ ಇರಬೇಕು. ಪಾಸ್‌ಪೋರ್ಟಿಗೆ, ಲೈಸೆನ್ಸಿಗೆ, ಪರೀಕ್ಷೆಯ ಅರ್ಜಿಗೆ, ಕಾರ್ಖಾನೆಯ ಗುರುತಿನ ಚೀಟಿಗೆ. ಇದನ್ನು ಅವನು ಕಲೆ ಎಂದು ಕರೆಯುತ್ತಾನೆ. ಕರೆದುಕೊಳ್ಳಲಿ, ನಾಲಿಗೆ ಅವನದು.

ಅಂಗಡಿ ಇರುವುದು ಔಷಧಿ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ, ಒಬ್ಬರು ಕೈ ಚಾಚಿದರೆ ಎರಡು ಗೋಡೆಗೂ ತಗಲುವಷ್ಟು ಅಗಲ. ಮುಂದೆ ಕೌಂಟರು, ಅಲ್ಲಿ ಅವನ ತಂಗಿ ನಾನು. ಫೋಟೊಗಳನ್ನು ಕತ್ತರಿಸುವುದು, ಕಂಪ್ಯೂಟರಿನಲ್ಲಿ ಮೊಡವೆ ಅಳಿಸುವುದು, ಚಿಲ್ಲರೆಗೆ ಜಗಳವಾಡುವುದು ನನ್ನ ಪಾಲು. ನನ್ನ ಹಿಂದೆ ಒಂದು ಪರದೆ, ಪರದೆಯ ಆಚೆ ತಿರುಗಿಸಿದರೆ ಮೇಲೆ ಕೆಳಗೆ ಹೋಗುವ ಸ್ಟೂಲು. ಗಿರಾಕಿಯನ್ನು ಅದರ ಮೇಲೆ ಕೂರಿಸಿ, ಅವರ ಗಲ್ಲವನ್ನು ಎರಡು ಬೆರಳಿನಿಂದ ಚೂರು ಎತ್ತಿ, ಕ್ಯಾಮೆರಾದ ಹಿಂದೆ ಹೋಗಿ ಅಣ್ಣ ಹೇಳುತ್ತಾನೆ: “ಅಲ್ಲಾಡ್ಬೇಡಿ.” ಅಷ್ಟೇ. ನಗಿ ಅನ್ನುವುದಿಲ್ಲ, ಇಲ್ಲಿ ನೋಡಿ ಅನ್ನುವುದಿಲ್ಲ. ಬೇರೆ ಮಾತೇ ಅವನಿಗೆ ಗೊತ್ತಿಲ್ಲವೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಬೀದಿಯವರು ಅವನನ್ನು ಕರೆಯುವುದೂ ಹಾಗೆಯೇ. ಪೋಸ್ಟಿನವನು ಬಂದು “ಅಲ್ಲಾಡ್ಬೇಡಿ ಇದಾರಾ?” ಎಂದು ಕೇಳುತ್ತಾನೆ. ಜನ ಆಡಿಕೊಳ್ಳುತ್ತಿದ್ದಾರೆ ಅನ್ನುವುದು ಇವನಿಗೆ ತಿಳಿಯದು. ಬಿರುದು ಕೊಟ್ಟಿದ್ದಾರೆ ಎಂದುಕೊಂಡಿದ್ದಾನೆ.

ನನಗೆ ಬಾಯಿ ಜೋರು ಎಂದು ಮನೆಯಲ್ಲಿ ಎಲ್ಲರ ದೂರು. ಜೋರಾಗಿರುವುದು ನನ್ನ ಬಾಯಲ್ಲ, ಇವರೆಲ್ಲರ ದಡ್ಡತನ.

ಅಣ್ಣನಿಗೆ ಒಬ್ಬಳೇ ಮಗಳು. ಮನೆಯಲ್ಲಿ ಪುಟ್ಟಿ. ಹದಿನೇಳು ವರ್ಷದ, ಅಂಗಡಿಯ ಶಟರ್ ಕೆಳಗೆ ಬರುವಾಗ ತಲೆ ತಗ್ಗಿಸಬೇಕಾದ ಪುಟ್ಟಿ. ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಕೆಲಸ. ಹೀಗಾಗಿ ಹುಡುಗಿ ಬೆಳೆದದ್ದೆಲ್ಲ ಅಂಗಡಿಯಲ್ಲೇ. ಹೊಸ ದೀಪ ತಂದರೆ ಬೆಳಕು ಸರಿಯಾಗಿ ಬೀಳುತ್ತದೋ ಇಲ್ಲವೋ ನೋಡಲು ಯಾರನ್ನಾದರೂ ಸ್ಟೂಲಿನ ಮೇಲೆ ಕೂರಿಸಬೇಕಲ್ಲ, ಅಣ್ಣ ಅವಳನ್ನೇ ಕೂರಿಸುತ್ತಿದ್ದ. ನಾಲ್ಕು ವರ್ಷದ ಮಗು ಅರ್ಧ ಗಂಟೆ ಗೊಂಬೆಯ ಹಾಗೆ ಕೂತಿರುತ್ತಿತ್ತು. “ನೋಡಿ, ನನ್ನ ಮಗಳು ಎಷ್ಟು ಶಿಸ್ತು” ಎಂದು ಗಿರಾಕಿಗಳ ಮುಂದೆ ಬಡಾಯಿ ಕೊಚ್ಚುತ್ತಿದ್ದ. ಶಾಲೆಗೆ ಹಾಕಿದ ಮೇಲೆ ಆ ಮಗು ಓಡಲು ಶುರು ಮಾಡಿತು. ಎಲ್ಲರೂ ಆಶ್ಚರ್ಯಪಟ್ಟರು, ನಾನು ಪಡಲಿಲ್ಲ. ಅಷ್ಟು ಹೊತ್ತು ಕೂರಿಸಿದರೆ ಯಾರಾದರೂ ಎದ್ದು ಓಡುತ್ತಾರೆ.

ಬರೀ ಓಟವಲ್ಲ, ಹರ್ಡಲ್ಸ್. ನೂರು ಮೀಟರಿನ ದಾರಿಗೆ ಅಡ್ಡವಾಗಿ ಹತ್ತು ಕಡೆ ಹಲಗೆ ನಿಲ್ಲಿಸಿರುತ್ತಾರೆ, ಅವನ್ನು ಹಾರಿಕೊಂಡೇ ಓಡಬೇಕು. ಪ್ರಾಕ್ಟೀಸಿನಲ್ಲಿ ಪುಟ್ಟಿ ಹತ್ತನ್ನೂ ನೀರು ಕುಡಿದ ಹಾಗೆ ದಾಟುತ್ತಿದ್ದಳು. ಪಂದ್ಯದಲ್ಲಿ ಮಾತ್ರ ಏಳನೆಯದಕ್ಕೆ ಬಂದ ಕೂಡಲೇ ಕಾಲು ತಗಲುವುದು, ಮುಗ್ಗರಿಸುವುದು, ಉಳಿದವರು ಮುಂದೆ ಹೋಗುವುದು. ಒಂದಲ್ಲ, ಮೂರು ಪಂದ್ಯ ಹೀಗೇ ಆಯಿತು.

“ಅವಳಿಗೆ ಭಯ” ಎಂದು ಕೋಚ್ ತೀರ್ಪು ಕೊಟ್ಟ. ಕತ್ತಿನಲ್ಲಿ ಸೀಟಿ ನೇತುಬಿದ್ದರೆ ಸಾಕು, ಕೆಲವರಿಗೆ ಎದುರಿಗಿರುವವರ ಮನಸ್ಸೆಲ್ಲ ಕಾಣುತ್ತದೆ. “ಏಳನೇದ್ರಲ್ಲಿ ಬ್ರೇಕ್ ಹಾಕ್ತಾಳೆ. ಭಯ ಇರೋರಿಗೆ ಈ ಆಟ ಅಲ್ಲ.” ಪುಟ್ಟಿ ಸೇರಿದ್ದ ಕ್ಲಬ್ಬಿನಿಂದ ಒಬ್ಬಳಿಗೆ ಮಾತ್ರ ಜಿಲ್ಲಾ ತಂಡದಲ್ಲಿ ಜಾಗ. ಒಂದೋ ಇವಳು, ಇಲ್ಲವೇ ಇವಳಿಗಿಂತ ಕುಳ್ಳಗಿರುವ, ಇವಳಿಗಿಂತ ನಿಧಾನವಾಗಿ ಓಡುವ, ಆದರೆ ಎಲ್ಲೂ ಎಡವದ ಇನ್ನೊಬ್ಬಳು. ಆಯ್ಕೆಯ ಓಟಕ್ಕೆ ಆರು ವಾರವಿತ್ತು. ಮುಂದಿನ ವರ್ಷಕ್ಕೆ ಪುಟ್ಟಿಯ ವಯಸ್ಸು ಮೀರುತ್ತದೆ. ಈ ಸಲ ಸೇರದಿದ್ದರೆ ಅವಳ ಓಟ ಅಲ್ಲಿಗೆ ಮುಗಿದ ಹಾಗೆ.

ಅಣ್ಣ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. ಮೊದಲ ಸಲ ಕಂಬದ ನೆರಳು ಬಿದ್ದಿದೆ ಎಂದು ಏಳನೇ ಹರ್ಡಲ್‌ನ ನೇರಕ್ಕೆ, ಮೊದಲ ಸಾಲಿನಲ್ಲಿ ಕೂತು, ಕೂಗಿ ಧೈರ್ಯ ಹೇಳಿದನಂತೆ. ಅವಳು ಅಲ್ಲೇ ಎಡವಿದ್ದನ್ನು ನೋಡಿ, ಆಮೇಲಿನ ಪಂದ್ಯಗಳಲ್ಲೂ ಬೇಕೆಂದೇ ಅಲ್ಲಿ ಕೂತ. “ಅವಳು ಎಡವೋ ಜಾಗದಲ್ಲೇ ನಾನಿರ್ತೀನಿ, ಧೈರ್ಯ ಹೇಳ್ತೀನಿ” ಅನ್ನುತ್ತಿದ್ದ. ಆ ಧೈರ್ಯ ಪಂದ್ಯದ ದಿನಕ್ಕೆ ಮೀಸಲು, ಪ್ರಾಕ್ಟೀಸಿನಲ್ಲಿ ಖರ್ಚು ಮಾಡಬಾರದಂತೆ. ಇವನು ಪಂದ್ಯಕ್ಕೆ ಹೋದರೆ ಅಂಗಡಿ ನೋಡುವವರು ಯಾರು? ನಾನು. ಅದಕ್ಕೇ ಅವಳು ಓಡಿದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ.

ಮೂರನೇ ಸಲ ಎಡವಿದ ಮಾರನೆಯ ದಿನ ಪುಟ್ಟಿ ಅಂಗಡಿಗೆ ಬಂದಳು. ಅಪ್ಪನ ಮುಖ ನೋಡದೆ, ನನ್ನ ಕತ್ತರಿಯನ್ನು ಕೈಯಲ್ಲಿ ತಿರುವುತ್ತ ಹೇಳಿದಳು: “ಅಪ್ಪಾ, ನಾನು ಎಡವೋದನ್ನ ಫೋಟೊ ತೆಗೀರಿ. ನೀವೇ ತೆಗೀರಿ. ಪಂದ್ಯದಲ್ಲೇ ತೆಗೀರಿ. ಅಲ್ಲಿ ಏನಾಗ್ತಿದೆ ಅಂತ ಗೊತ್ತಾಗತ್ತೆ.”

ಅಣ್ಣ ಉಬ್ಬಿಹೋದ. ಹದಿನೇಳು ವರ್ಷದಲ್ಲಿ ಅವನ ಮಗಳು ಅವನ ಕಸುಬಿನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಮರುದಿನವೇ ಸ್ಟುಡಿಯೊದ ಕ್ಯಾಮೆರಾ ಹೊತ್ತುಕೊಂಡು ಪ್ರಾಕ್ಟೀಸಿಗೆ ಹೋದ. ಹದಿನಾಲ್ಕು ಫೋಟೊ ತಂದ. ಹನ್ನೆರಡರಲ್ಲಿ ಬರೀ ಹರ್ಡಲ್ ಇತ್ತು, ಹುಡುಗಿ ದಾಟಿ ಹೋಗಿ ಎಷ್ಟೋ ಹೊತ್ತಾಗಿತ್ತು. ಒಂದರಲ್ಲಿ ಒಂದು ಬೂಟಿನ ಹಿಮ್ಮಡಿ. ಇನ್ನೊಂದರಲ್ಲಿ ಕೋಚ್‌ನ ಹೊಟ್ಟೆ. ಆ ಕ್ಯಾಮೆರಾಕ್ಕೂ ಅಣ್ಣನಿಗೂ ಒಂದೇ ಸ್ವಭಾವ. ಬೆರಳು ಒತ್ತಿದ ಮೇಲೆ ಯೋಚನೆ ಮಾಡುತ್ತದೆ, ಫೋಕಸ್ ಹುಡುಕುತ್ತದೆ, ಆಮೇಲೆ ನಿಧಾನಕ್ಕೆ ಕ್ಲಿಕ್ ಅನ್ನುತ್ತದೆ. ಸ್ಟೂಲಿನ ಮೇಲೆ ಕೂತವರಿಗೆ ಅದು ಸಾಕು.

ಹೊಸ ಕ್ಯಾಮೆರಾ ಬೇಕು ಎಂದಾಯಿತು. ಓಟವನ್ನು ಹಿಡಿಯುವಂಥದ್ದು ಬೇಕು, ನಮ್ಮ ಕೈಗೆ ಎಟುಕುವಂಥದ್ದೂ ಆಗಬೇಕು. ಅಲ್ಲಿಂದ ಶುರುವಾಯಿತು ಪಂಡಿತರ ಕಾಟ.

ಮೊದಲನೆಯ ಪಂಡಿತರು ನಮ್ಮ ಮನೆಯವರೇ. ಕರೆಂಟ್ ಮೀಟರ್ ಆಫೀಸಿನಲ್ಲಿ ಕೆಲಸ. ಜೀವಮಾನದಲ್ಲಿ ಒಂದು ಫೋಟೊ ನೆಟ್ಟಗೆ ತೆಗೆದವರಲ್ಲ. ನಮ್ಮ ಮಗ ಹುಟ್ಟಿದಾಗ ಅವರು ತೆಗೆದ ಫೋಟೊಗಳಲ್ಲಿ ಮಗುವಿಲ್ಲ, ಅವರ ಹೆಬ್ಬೆರಳಿದೆ. ಆದರೆ ಕ್ಯಾಮೆರಾದ ಬಗ್ಗೆ ಇರುವ ವಿಡಿಯೊಗಳನ್ನೆಲ್ಲ ಅರೆದು ಕುಡಿದಿದ್ದಾರೆ. ವಿಷಯ ಕಿವಿಗೆ ಬಿದ್ದ ದಿನವೇ ಮೂವತ್ತೊಂದು ಕ್ಯಾಮೆರಾಗಳ ಪಟ್ಟಿ ತಯಾರಾಯಿತು. ಹಸಿರು ಬಣ್ಣದ್ದು ಕೊಳ್ಳಬಹುದಾದದ್ದು, ಕೆಂಪು ಕೊಳ್ಳಬಾರದ್ದು, ಹಳದಿ ಇನ್ನೂ ವಿಡಿಯೊ ನೋಡಿ ತೀರ್ಮಾನಿಸಬೇಕಾದದ್ದು. ಹತ್ತು ದಿನ ಕಳೆಯುವುದರೊಳಗೆ ಹಸಿರೆಲ್ಲ ಹಳದಿಯಾಯಿತು.

“ಭಾವ, ಇನ್ನೆರಡು ತಿಂಗಳು ತಡೀರಿ” ಎಂದರು ಅಣ್ಣನಿಗೆ. “ಹೊಸ ಮಾಡೆಲ್ ಬರತ್ತೆ. ಬಂದ ತಕ್ಷಣ ಹಳೇದರ ರೇಟ್ ಇಳಿಯತ್ತೆ.”

“ಓಟ ಇರೋದು ನಾಲ್ಕೂವರೆ ವಾರಕ್ಕೆ” ಎಂದೆ ನಾನು.

“ಹೌದಲ್ಲ, ಅದೊಂದಿದೆ” ಎಂದು ಯೋಚಿಸಿ, ಇನ್ನೊಂದು ವಿಡಿಯೊ ಹಚ್ಚಿದರು. ಇಂಥವರ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ. ನನ್ನ ಬಾಯಿ ಯಾಕೆ ಜೋರು ಎಂದು ಕೇಳುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯ ಪಂಡಿತ ದೊಡ್ಡ ಅಂಗಡಿಯ ಸೇಲ್ಸ್‌ಮನ್. ಗಾಜಿನ ಬಾಗಿಲು, ಒಳಗೆ ಹಲ್ಲು ಕಟಕಟ ಅನ್ನುವಷ್ಟು ಏಸಿ, ಅವನ ಕತ್ತಿನಲ್ಲಿ ಹೊಟ್ಟೆಯವರೆಗೆ ಇಳಿದ ಟೈ. ಅಣ್ಣನನ್ನು ನೋಡಿದ ಕೂಡಲೇ ಇವರ ಕಿವಿಯ ಮೇಲೆ ಹೂವಿಡಬಹುದು ಎಂದು ಟೈಗೆ ಗೊತ್ತಾಯಿತು.

“ನಲವತ್ತೈದು ಮೆಗಾಪಿಕ್ಸೆಲ್ ಸರ್! ಗೋಡೆ ಸೈಜಿಗೆ ಪ್ರಿಂಟ್ ಹಾಕಿಸ್ಬಹುದು.”

“ನಮಗೆ ಗೋಡೆ ಬೇಡಪ್ಪ” ಎಂದೆ. “ಓಡೋ ಹುಡುಗಿ ಬೇಕು. ಒಂದು ಸೆಕೆಂಡಿಗೆ ಎಷ್ಟು ಫೋಟೊ ತೆಗೆಯತ್ತೆ? ಅದನ್ನ ಹೇಳು.”

“ಮೇಡಂ, ಇದರಲ್ಲಿ ನಗು ಕಂಡುಹಿಡಿಯೋ ಫೀಚರ್ ಇದೆ. ನಕ್ಕ ತಕ್ಷಣ ತಾನೇ ಕ್ಲಿಕ್ ಆಗತ್ತೆ.”

“ಹರ್ಡಲ್ ಹಾರೋವಾಗ ಯಾರು ನಗ್ತಾರೆ?”

ಟೈ ನನ್ನನ್ನು ಬಿಟ್ಟು ಅಣ್ಣನ ಕಡೆ ತಿರುಗಿದ. ಬ್ಯಾಗ್ ಫ್ರೀ, ಸ್ಟ್ಯಾಂಡ್ ಫ್ರೀ, ಒರೆಸುವ ಬಟ್ಟೆ ಫ್ರೀ. ಕ್ಯಾಮೆರಾಕ್ಕೆ ಹಚ್ಚಿದ್ದ ಲೆನ್ಸ್ ನೋಡಿದೆ. ಮೈದಾನದ ಈ ದಡದಿಂದ ಆ ದಡದಲ್ಲಿರುವವರನ್ನು ತೆಗೆದರೆ ಇರುವೆಯಷ್ಟು ಕಾಣುತ್ತಾರೆ, ಮೋಡ ಕವಿದರೆ ಅದೂ ಇಲ್ಲ. ಅಣ್ಣ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿ ನೋಡುತ್ತಿದ್ದ. “ಬ್ಯಾಗ್ ಚೆನ್ನಾಗಿದೆ ಅಲ್ವಾ?” ಎಂದ. ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಟೈ ನನ್ನ ಬೆನ್ನಿಗೆ ಏನೋ ಗೊಣಗಿದ. ಗೊಣಗಲಿ, ಅವನ ಕಮಿಷನ್ ಹೋಯಿತಲ್ಲ.

ಎರಡು ಬೀದಿ ಹಿಂದೆ, ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ, ಒಬ್ಬ ಮುದುಕರಿದ್ದರು. ಮೂವತ್ತು ವರ್ಷ ಪತ್ರಿಕೆಗೆ ಆಟೋಟದ ಫೋಟೊ ತೆಗೆದವರು. ಎಲ್ಲರೂ ಕರೆಯುವುದು ಪೇಪರಿನವರು ಎಂದೇ. ಮೈದಾನದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೂತು ಮಂಡಿ ಎರಡೂ ಹೋಗಿದ್ದವು. ನಮ್ಮಲ್ಲಿಗೆ ಪಿಂಚಣಿ ಅರ್ಜಿಯ ಫೋಟೊಗೆ ಬಂದಿದ್ದಾಗ, “ಒಂದು ಮುಖ ತೆಗೆಯೋಕ್ಕೆ ಇಷ್ಟು ಹೊತ್ತೇನ್ರೀ, ನಾನೇನು ಕಟ್ಟಡವೇ?” ಎಂದು ಅಣ್ಣನನ್ನು ಬೈದಿದ್ದರು. ಅವತ್ತಿನಿಂದ ನನಗೆ ಅವರ ಮೇಲೆ ಗೌರವ.

ಅವರ ಕೋಣೆಯಲ್ಲಿ ಒಂದು ಮಂಚ, ಒಂದು ಕಬ್ಬಿಣದ ಬೀರು. ಬೀರುವಿನೊಳಗೆ ಲೆನ್ಸುಗಳಿಗೆ ಬೂಷ್ಟು ಹಿಡಿಯದಿರಲಿ ಎಂದು ಸದಾ ಉರಿಯುವ ಒಂದು ಪುಟ್ಟ ಬಲ್ಬು. ಅದರ ಬೆಳಕಿನಲ್ಲಿ ಕಪ್ಪು ಬಣ್ಣ ಸವೆದು ಅಂಚಿನಲ್ಲಿ ಲೋಹ ಹೊಳೆಯುವ ಒಂದು ಕ್ಯಾಮೆರಾ ಇತ್ತು. ಅದರ ಪಕ್ಕ ಮೊಳದಷ್ಟು ಉದ್ದದ ಲೆನ್ಸು.

“ಇದು ಹನ್ನೆರಡು ವರ್ಷ ಹಳೇದಲ್ವಾ ಸಾರ್?” ಎಂದ ಅಣ್ಣ.

“ಹೌದು. ಹನ್ನೆರಡು ವರ್ಷದ ಹಿಂದೆ ಇದರಲ್ಲಿ ಓಟದ ಫೋಟೊ ತೆಗೀತಿದ್ದೆ. ಆಗ ಓಡ್ತಿದ್ದೋರು ನಿಮ್ಮ ಮಗಳಿಗಿಂತ ನಿಧಾನ ಇದ್ರಾ?”

ನನಗೆ ಎದ್ದು ಕುಣಿಯೋಣ ಅನ್ನಿಸಿತು.

“ಸೆಕೆಂಡಿಗೆ ಎಂಟು ಫೋಟೊ ತೆಗೆಯತ್ತೆ. ಅಷ್ಟು ಸಾಕು. ಇನ್ನೊಂದು ವಿಷಯ ತಿಳ್ಕೊಳ್ಳಿ, ದುಡ್ಡು ಬಾಡಿಗೆ ಹಾಕ್ಬೇಡಿ, ಲೆನ್ಸಿಗೆ ಹಾಕಿ.”

“ಅಂಗಡಿ ಬಾಡಿಗೆ ಕಟ್ಟಲೇಬೇಕಲ್ಲ ಸಾರ್!” ಎಂದ ನಮ್ಮಣ್ಣ ಗಾಬರಿಯಿಂದ.

ಪೇಪರಿನವರು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಕ್ಯಾಮೆರಾ ಬಾಡಿ ಕಣಯ್ಯಾ” ಎಂದರು. ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ಟೆವು. ಲೆನ್ಸ್ ಸೇರಿ ಟೈ ಹೇಳಿದ್ದರ ಅರ್ಧಕ್ಕಿಂತ ಕಡಿಮೆಗೆ ಕೊಟ್ಟರು. ಬ್ಯಾಗ್ ಕೊಡಲಿಲ್ಲ, ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದೆವು.

ಮನೆಗೆ ಬಂದ ಮೇಲೆ ನಮ್ಮ ಯಜಮಾನರು ಅದನ್ನು ತಿರುಗಿಸಿ ನೋಡಿ ಮೂಗು ಮುರಿದರು. “ಹನ್ನೆರಡೇ ಮೆಗಾಪಿಕ್ಸೆಲ್ಲಾ? ನನ್ನ ಫೋನಲ್ಲೇ ಐವತ್ತಿದೆ.”

“ಆ ಐವತ್ತರಲ್ಲೂ ನಿಮ್ಮ ಹೆಬ್ಬೆರಳೇ ಇರತ್ತೆ” ಎಂದೆ. ಎರಡು ದಿನ ಮಾತು ಬಿಟ್ಟರು. ಮನೆ ತಣ್ಣಗಿತ್ತು.

ಕಲಿಸುವ ಕೆಲಸವನ್ನೂ ಪೇಪರಿನವರೇ ಮಾಡಿದರು. ಕೋಲೂರಿಕೊಂಡು ಮೈದಾನಕ್ಕೆ ಬಂದು, ಮಡಿಸುವ ಕುರ್ಚಿಯಲ್ಲಿ ಕೂತು ಬೈಯುತ್ತ ಕಲಿಸಿದರು. ಶಟರನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಡಬೇಕು, ಹಲಗೆಯ ಮೇಲೆ ಮೊದಲೇ ಫೋಕಸ್ ಮಾಡಿಟ್ಟುಕೊಳ್ಳಬೇಕು, ಹುಡುಗಿ ಬರುವ ಮೊದಲೇ ಗುಂಡಿ ಒತ್ತಬೇಕು, ದಾಟುವವರೆಗೆ ಬೆರಳು ತೆಗೆಯಬಾರದು. ಅಣ್ಣನಿಗೆ ಕೊನೆಯದೇ ಬರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಒಂದು ಸಲ ಒತ್ತಿ ಬಿಟ್ಟ ಬೆರಳು ಅದು. ಒತ್ತುವುದು, ಬಿಡುವುದು, ಕತ್ತೆತ್ತಿ ನೋಡುವುದು. “ಕಂಡ ಮೇಲೆ ಒತ್ತಿದ್ರೆ ಹೋಗಿರ್ತಾಳೆ ಕಣಯ್ಯಾ, ಬೆರಳು ಇಟ್ಕೋ!” ಎಂದು ಮುದುಕರು ಕೋಲಿನಿಂದ ಅವನ ಮೊಣಕೈ ತಿವಿದರು. ನಾಲ್ಕನೇ ದಿನ ಅದೂ ಕೈಗೆ ಬಂತು. ಪ್ರಾಕ್ಟೀಸಿನ ಫೋಟೊಗಳಲ್ಲಿ ಪುಟ್ಟಿ ಏಳನೆಯದನ್ನು ಅಂಗೈಯಷ್ಟು ಅಂತರ ಬಿಟ್ಟು, ನೇರ ದೃಷ್ಟಿಯಲ್ಲಿ ದಾಟುತ್ತಿದ್ದಳು. ತಪ್ಪು ಹುಡುಕಲು ಅದರಲ್ಲಿ ಏನೂ ಇರಲಿಲ್ಲ.

ಆಯ್ಕೆಗೆ ಹತ್ತು ದಿನ ಮೊದಲು ಒಂದು ಸಣ್ಣ ಪಂದ್ಯವಿತ್ತು. ಅಣ್ಣ ತನ್ನ ಮಾಮೂಲಿ ಜಾಗದಲ್ಲಿ ಕ್ಯಾಮೆರಾ ಹಿಡಿದು ಕೂತ. ಸಂಜೆ ಅಂಗಡಿಗೆ ಬಂದಾಗ ಅವನ ಮುಖ ಅರಳಿತ್ತು. ಅವನ ಹಿಂದೆ ಪುಟ್ಟಿ, ಮಂಡಿಯ ಚರ್ಮ ಕಿತ್ತುಹೋಗಿತ್ತು. ಏಳನೆಯದರಲ್ಲಿ ಈ ಸಲ ಬಿದ್ದೇ ಬಿಟ್ಟಿದ್ದಳು.

“ಸಿಕ್ತು! ಪೂರ್ತಿ ಸಿಕ್ತು!” ಎಂದು ಅಣ್ಣ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ. ಒಂಬತ್ತು ಫೋಟೊ. ಮೊದಲ ನಾಲ್ಕರಲ್ಲಿ ಓಡಿ ಬರುತ್ತಿರುವ ಪುಟ್ಟಿ, ಕಣ್ಣು ಹಲಗೆಯ ಮೇಲೆ. ಐದನೆಯದರಲ್ಲಿ ಅವಳ ಮುಖ ಪಕ್ಕಕ್ಕೆ ತಿರುಗಿತ್ತು. ಕಣ್ಣು ನೇರ ಲೆನ್ಸಿನೊಳಗೆ. ಮೇಲೇಳಬೇಕಾದ ಕಾಲು ಅರ್ಧಕ್ಕೆ ನಿಂತಿತ್ತು, ಗಲ್ಲ ಚೂರು ಎತ್ತಿತ್ತು. ಆರನೆಯದರಲ್ಲಿ ಹಲಗೆ ವಾಲಿತ್ತು. ಉಳಿದ ಮೂರನ್ನು ನನಗೆ ನೋಡಲಾಗಲಿಲ್ಲ.

“ಐದನೇದು ನೋಡು! ಕಣ್ರೆಪ್ಪೆ ಎಣಿಸ್ಬಹುದು! ಅಷ್ಟು ಜೋರಾಗಿ ಓಡ್ತಾ ಇದ್ರೂ ನೇರ ಕ್ಯಾಮೆರಾಕ್ಕೇ ನೋಡಿದಾಳೆ. ಇದನ್ನ ದೊಡ್ಡದು ಮಾಡಿಸಿ ಮುಂದೆ ಷೋಕೇಸಲ್ಲಿ ಹಾಕ್ತೀನಿ.”

ಮಗಳು ಬಿದ್ದದ್ದನ್ನು ಬಿಟ್ಟು ಅವಳ ಕಣ್ರೆಪ್ಪೆ ಎಣಿಸುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ಕಂಡರೆ ನನಗೆ ಅಸಹ್ಯವಾಯಿತು ಎಂದು ಹೇಳಿಬಿಡುತ್ತೇನೆ. ಪುಟ್ಟಿ ಅಪ್ಪನನ್ನೇ ನೋಡುತ್ತ ಏನನ್ನೋ ಕಾಯುತ್ತ ನಿಂತಿದ್ದಳು. ಆಮೇಲೆ ಮಂಡಿ ತೊಳೆಯಲು ನಲ್ಲಿಯ ಹತ್ತಿರ ಹೋದಳು.

ಮಾರನೆಯ ದಿನ ಅಣ್ಣ ಆ ಒಂಬತ್ತನ್ನೂ ಕೋಚ್‌ಗೆ ತೋರಿಸಿದ. ಕೋಚ್ ಐದನೆಯದರ ಮೇಲೆ ಬೆರಳಿಟ್ಟ. “ನಾನು ಹೇಳಿರ್ಲಿಲ್ವಾ? ಹರ್ಡಲ್ ನೋಡೋಕ್ಕೇ ಹೆದರಿ ಮುಖ ತಿರುಗಿಸಿದಾಳೆ. ಸಾಕ್ಷಿ ನೀವೇ ತಂದುಕೊಟ್ರಿ. ಆಯ್ಕೆ ಓಟಕ್ಕೆ ಇವಳನ್ನ ನಿಲ್ಲಿಸೋದು ಬೇಡ ಬಿಡಿ.” ಮಗಳನ್ನು ಉಳಿಸಲು ಕೊಂಡ ಕ್ಯಾಮೆರಾದಿಂದಲೇ ಅವಳ ಹೆಸರು ಹೊಡೆಸಿಕೊಂಡು ಬಂದ, ನಮ್ಮ ಕಲಾವಿದ. ಬಂದು ಸ್ಟೂಲಿನ ಮೇಲೆ ತಾನೇ ಕೂತುಬಿಟ್ಟ.

ನನಗೆ ಸಮಾಧಾನವಾಗಲಿಲ್ಲ. ಹೆದರಿದ ಮುಖಗಳನ್ನು ನಾನು ನೋಡಿದ್ದೇನೆ; ದಿನಕ್ಕೆ ಇಪ್ಪತ್ತು ಜನ ಹೆದರಿಕೊಂಡೇ ಆ ಸ್ಟೂಲಿನ ಮೇಲೆ ಕೂರುತ್ತಾರೆ. ಐದನೆಯ ಫೋಟೊದಲ್ಲಿದ್ದದ್ದು ಹೆದರಿಕೆಯಲ್ಲ. ಮುಖವನ್ನು ದೊಡ್ಡದು ಮಾಡಿ ನೋಡಿದೆ. ಆ ಮುಖ ನನಗೆ ಗುರುತಿತ್ತು. ಲಕ್ಷ ಸಲ ಕತ್ತರಿಸಿದ್ದೇನೆ ಅದನ್ನು. ಅದು ಪಾಸ್‌ಪೋರ್ಟ್ ಮುಖ.

ಸಂಜೆ ಪುಟ್ಟಿ ಬಂದಾಗ ಅಣ್ಣ ಪರದೆಯ ಹಿಂದಿದ್ದ. ಮೆಲ್ಲಗೆ ಕೇಳಿದೆ: “ಅಲ್ಲಿ ನಿಮ್ಮಪ್ಪ ಏನಂತ ಕೂಗ್ತಾನೆ?”

ಅವಳ ಕಣ್ಣು ತುಂಬಿತು. “ನಿಮಗೆ ಗೊತ್ತಾಯ್ತಾ ಅತ್ತೆ?” ಎಂದಳು. “ಅದು ಕಿವಿಗೆ ಬಿದ್ರೆ ನಂಗೇ ಗೊತ್ತಿಲ್ದೆ ಕಾಲು ನಿಂತುಬಿಡತ್ತೆ. ಅಪ್ಪಂಗೆ ಹೆಂಗೆ ಹೇಳ್ಲಿ? ಅಂಗಡಿ ಬಿಟ್ಟು ಅಷ್ಟು ದೂರ ಬರ್ತಾರೆ. ಫೋಟೊ ನೋಡಿದ್ರೆ ಅವ್ರಿಗೇ ತಿಳಿಯತ್ತೆ ಅನ್ಕೊಂಡೆ.”

ಒಂದು ತಿಂಗಳು, ಮೂವತ್ತೊಂದು ಕ್ಯಾಮೆರಾ, ಟೈ, ಮೆಗಾಪಿಕ್ಸೆಲ್ಲು. ಎಲ್ಲ ಯಾಕೆ ಎಂದರೆ ಈ ಮನೆಯಲ್ಲಿ ಒಂದು ಹುಡುಗಿಗೆ ತನ್ನಪ್ಪನ ಹತ್ತಿರ ಒಂದು ಮಾತು ಹೇಳಲಾಗಲಿಲ್ಲ. ಐದೂವರೆ ಅಡಿ ಅಗಲದಲ್ಲಿ ದಿನವಿಡೀ ಕೂತಿದ್ದ ನನಗೂ ತಿಳಿಯಲಿಲ್ಲ. ಎಲ್ಲರನ್ನೂ ದಡ್ಡರು ಎಂದು ಬೈಯುವವಳ ಕಥೆ ಇದು.

ನಾನು ಪರದೆ ಸರಿಸಿ ಒಳಗೆ ನುಗ್ಗಿದೆ. ಲೈಸೆನ್ಸಿಗೆ ಫೋಟೊ ಬೇಕೆಂದು ಬಂದ ಒಬ್ಬ ಲಾರಿ ಡ್ರೈವರ್ ಸ್ಟೂಲಿನ ಮೇಲಿದ್ದ. ಇರಲಿ ಎಂದುಕೊಂಡೆ.

“ಪಂದ್ಯದಲ್ಲಿ ಏನಂತ ಕೂಗ್ತೀಯಣ್ಣ?”

“ಧೈರ್ಯ ಹೇಳ್ತೀನಿ.”

“ಏನಂತ ಹೇಳ್ತೀಯ?”

“ಅಲ್ಲಾಡ್ಬೇಡ ಅಂತೀನಿ. ಮನಸ್ಸು ಅಲ್ಲಾಡಿಸ್ಬೇಡ, ಗಟ್ಟಿಯಾಗಿರು ಅಂತ. ಇನ್ನೇನನ್ಬೇಕು?”

“ಅದೇ ಕಣಣ್ಣ ಅವಳನ್ನ ಬೀಳಿಸ್ತಿರೋದು!”

“ಹುಚ್ಚು ಹಿಡಿದಿದೆ ನಿಂಗೆ. ಗಿರಾಕಿ ಕಾಯ್ತಿದಾರೆ, ಆಚೆ ಹೋಗು” ಎಂದು ಅವನು ಸಿಟ್ಟಿನಿಂದ ಕ್ಯಾಮೆರಾದ ಹಿಂದೆ ಹೋದ. ಸಿಟ್ಟಿಗೆ ಧ್ವನಿ ಏರಿತ್ತು. “ಅಲ್ಲಾಡ್ಬೇಡಿ!”

ನಾನು ಸರಿಸಿದ್ದ ಪರದೆ ಹಾಗೇ ಇತ್ತು. ಆಚೆ ಬೆಂಚಿನ ಮೇಲೆ ಪುಟ್ಟಿ ಬೂಟಿನ ಲೇಸು ಕಟ್ಟುತ್ತಿದ್ದಳು. ಕಟ್ಟುತ್ತಿದ್ದ ಕೈ ನಿಂತಿತು. ಬೆನ್ನು ನೆಟ್ಟಗಾಯಿತು, ಗಲ್ಲ ಚೂರು ಮೇಲೆದ್ದಿತು, ಕಣ್ಣು ಲೆನ್ಸಿಗೆ ಬಂತು. ಲೇಸಿನ ತುದಿ ಬೆರಳಲ್ಲೇ ಇತ್ತು. ಡ್ರೈವರ್ ಒಂದು ಕಡೆ, ಮಗಳು ಒಂದು ಕಡೆ, ಇಬ್ಬರದೂ ಒಂದೇ ಮುಖ.

ಅಣ್ಣ ಕ್ಯಾಮೆರಾದ ಮೇಲಿಂದ ಅವಳನ್ನು ನೋಡಿದ. ನೋಡುತ್ತಲೇ ಇದ್ದ. ಗುಂಡಿ ಒತ್ತಲಿಲ್ಲ.

“ಆಯ್ತಾ ಸಾರ್?” ಎಂದ ಡ್ರೈವರ್, ತುಟಿ ಅಲ್ಲಾಡಿಸದೆ.

ಮರುದಿನ ಬೆಳಿಗ್ಗೆ ಅಣ್ಣ ತಾನೇ ಕೋಚ್ ಹತ್ತಿರ ಹೋದ. ಜೊತೆಗೆ ನಾನೂ ಹೋದೆ. ಪ್ರಾಕ್ಟೀಸಿನ ಫೋಟೊ ಒಂದು ಕಡೆ, ಪಂದ್ಯದ್ದು ಪಕ್ಕದಲ್ಲಿ, ಹೀಗೆ ಜೋಡಿ ಜೋಡಿಯಾಗಿ ಪ್ರಿಂಟ್ ಹಾಕಿ ಅಂಟಿಸಿದ್ದೆ. ಅದೇ ಹುಡುಗಿ, ಅದೇ ಹಲಗೆ, ಅದೇ ಹೆಜ್ಜೆ. ಐದನೆಯದರಲ್ಲಿ ಮಾತ್ರ ಕಣ್ಣು ಬೇರೆ. “ತಪ್ಪು ನಂದು” ಎಂದ ಅಣ್ಣ. ಏನಾಯಿತು ಎಂದು ಪೂರ್ತಿ ಹೇಳಿದ. ಕೋಚ್ ಮೊದಲು ನಕ್ಕ, ಸೀಟಿ ಅಲ್ಲಾಡುವಷ್ಟು ನಕ್ಕ. ನಗುವ ಆ ಬಾಯಿಗೆ ಅದೇ ಸೀಟಿ ತುರುಕಬೇಕು ಅನ್ನಿಸಿತು ನನಗೆ. ಅಣ್ಣ ತಲೆ ತಗ್ಗಿಸಿ ನಿಂತೇ ಇದ್ದ. ನಗು ಮುಗಿದ ಮೇಲೆ ಕೋಚ್ ಪ್ರಿಂಟುಗಳನ್ನು ಇನ್ನೊಂದು ಸಲ ನೋಡಿದ, ಈ ಸಲ ನಿಧಾನವಾಗಿ. “ಸರಿ, ಓಡ್ಲಿ. ನೀವು ಮಾತ್ರ ಮೈದಾನದ ಕಡೆ ಬರಕೂಡದು” ಎಂದ. “ಬರಲ್ಲ” ಎಂದ ಅಣ್ಣ.

ಆಯ್ಕೆಯ ದಿನ ಕ್ಯಾಮೆರಾ ಹಿಡಿದು ಹೋದವಳು ನಾನು. ಅಣ್ಣ ಶಟರ್, ಫೋಕಸ್ ಎಲ್ಲ ತಾನೇ ಸರಿಮಾಡಿ, ಬೆರಳು ತೆಗೆಯಬೇಡ ಎಂದು ಮೂರು ಸಲ ಹೇಳಿ ಕಳಿಸಿದ್ದ. ಏಳನೆಯದರ ನೇರಕ್ಕೆ, ಕಂಬದ ನೆರಳಿನಲ್ಲಿ ಕೂತೆ. ಪಿಸ್ತೂಲಿನ ಸದ್ದಾಯಿತು. ಮನುಷ್ಯರು ಅಷ್ಟು ಜೋರಾಗಿ ಓಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ, ನಮ್ಮ ಪುಟ್ಟಿಯಂತೂ ಅಷ್ಟು ಚೆಂದವಾಗಿ ಓಡುತ್ತಾಳೆ ಎಂದು ಖಂಡಿತ ಗೊತ್ತಿರಲಿಲ್ಲ. ಬೆರಳು ಒತ್ತಿ ಹಿಡಿದೆ. ಗಾಳಿ ಬೀಸಿದ ಹಾಗೆ ದಾಟಿ ಹೋದಳು. ಕ್ಯಾಮೆರಾ ಇಳಿಸುವಷ್ಟರಲ್ಲಿ ಓಟ ಮುಗಿದಿತ್ತು. ಕುಳ್ಳ ಹುಡುಗಿ ಎರಡು ಹೆಜ್ಜೆ ಹಿಂದಿದ್ದಳು. ಕೋಚ್ ನನ್ನ ಕಡೆ ನೋಡದೆ ಹಾಳೆಯ ಮೇಲೆ ಹೆಸರು ಬರೆದ.

ಅಂಗಡಿಗೆ ಬಂದೆ. ಅಣ್ಣ ನನ್ನ ಕುರ್ಚಿಯಲ್ಲಿ ಕೂತಿದ್ದ. ಸುದ್ದಿ ಫೋನಿನಲ್ಲಿ ಆಗಲೇ ತಲುಪಿತ್ತು. ಕೈ ಚಾಚಿ ಕ್ಯಾಮೆರಾ ತೆಗೆದುಕೊಂಡ. ಕನ್ನಡಕ ಹಣೆಗೆ ಏರಿಸಿ, ಹಿಂದಿನ ಪುಟ್ಟ ಪರದೆಯಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡಿದ. ಮತ್ತೆ ಕೊನೆಯಿಂದ ಮೊದಲಿನವರೆಗೆ ನೋಡಿದ. ಇನ್ನೇನು ಫೋಕಸ್ ಬಗ್ಗೆ ತಪ್ಪು ತೆಗೆಯುತ್ತಾನೆ ಎಂದು ನಾನು ಕಾದೆ.

“ಒಂದ್ಸಲಾನೂ ಈ ಕಡೆ ನೋಡ್ಲಿಲ್ವಾ?” ಎಂದ.

“ಇಲ್ಲ.”

“ನಾನು ಕೂರೋ ಜಾಗಕ್ಕೆ?”

“ಇಲ್ಲ ಕಣಣ್ಣ. ನೇರ ನೋಡ್ಕೊಂಡು ಓಡಿದ್ಲು.”

“ಒಳ್ಳೇದಾಯ್ತು” ಎಂದ. ಲೆನ್ಸಿನ ಮುಚ್ಚಳ ಹಾಕಿದ, ಅದು ಕೂತಿದೆಯೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದ. “ಒಳ್ಳೇದಾಯ್ತು ಬಿಡು.”

ಅವನಿಗೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ.